ಕಂಡ ಚಿತ್ರಗಳೂ ಕೇಳದ ಕನ್ನಡವೂ

ವಿನೋದವೆಂಬುದು ಕೆಲಸವಿಲ್ಲದವರ ಕೆಲಸವೆಂದು ಭಾವಿಸುವ ಗೃಹಸ್ಥರು ನಮ್ಮಲ್ಲಿ ಇನ್ನೂ ಇದ್ದಾರೆ. ಪತ್ರಿಕೆಯ ಈ ಪುಟದಲ್ಲಿ ಚಲಚ್ಚಿತ್ರದ ಮಾತೆತ್ತಿದರೆ ಅವರು ಹುಬ್ಬು ಗಂಟಿಕ್ಕುವುದು ಸಹಜವೇ. ಅಂಥವರಿಗೆ ನಾವು ನೆನಪು ಮಾಡಿಕೊಡಬೇಕಾದ ಸಂಗತಿಯೊಂದಿದೆ. ಇದೇ ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡು ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ವಿಭಾಗಿಸಲ್ಪಟ್ಟ ಆ ಗ್ರಂಥದಲ್ಲಿ ರಾಜ್ಯವನ್ನು ಪಡೆಯುವ ಬಗೆ, ಪಡೆದ ರಾಜ್ಯವನ್ನು ಸ್ಥಿರಪಡಿಸುವ ಬಗೆ ಮೊದಲಾದ ಗಂಭೀರ ವಿಷಯಗಳ ಜೊತೆಯಲ್ಲಿಯೇ ಒಂದು ಇಡೀ ವಿಂಶತಿಯು ವಿನೋದಕ್ಕೂ, ಇನ್ನೊಂದು ಕ್ರೀಡೆಗೂ ಮೀಸಲಾಗಿವೆ. ಆನೆಯ ಕಾಳಗ, ಮಲ್ಲಯುದ್ಧ, ಕೋಳಿಯ ಅಂಕಗಳಿಂದ ಮೊದಲುಗೊಂಡು ಗೀತ, ವಾದ್ಯ, ನೃತ್ಯ, ಕಥೆ, ಚಮತ್ಕಾರಗಳವರೆಗೆ ಆ ಅರಸನು ಒಂದನ್ನೂ ಬಿಟ್ಟಿಲ್ಲ. ಪ್ರಜೆಗಳು ಯಾವುದನ್ನು ಕಂಡು ನಗುವರು, ಯಾವುದನ್ನು ಕೇಳಿ ಕಣ್ಣೀರಿಡುವರು ಎಂಬುದು ರಾಜ್ಯವಾಳುವವನು ತಿಳಿಯತಕ್ಕ ವಿಷಯವೆಂದೇ ಆತನ ಮತವಾಗಿದ್ದಿರಬೇಕು.

ಆ ಗ್ರಂಥ ಹುಟ್ಟಿ ಒಂಬತ್ತು ಶತಮಾನಗಳು ತುಂಬುತ್ತ ಬಂದವು. ಗೀತ, ವಾದ್ಯ, ನೃತ್ಯ, ಕಥೆ, ಚಮತ್ಕಾರ ಈ ಐದೂ ಇಂದು ಒಂದೇ ಬಿಳಿಯ ಪರದೆಯ ಮೇಲೆ, ಅದಕ್ಕಿಂತ ಹೆಚ್ಚಾಗಿ ಅಂಗೈಯಗಲದ ಮೊಬೈಲಿನ ಗಾಜಿನ ಮೇಲೆ ಬಂದು ಕೂಡಿವೆ. ಹಿಂದೆ ಅರಸನೊಬ್ಬನ ಓಲಗಕ್ಕೆ ಮಾತ್ರ ಲಭ್ಯವಿದ್ದುದು ಇಂದು ಹುಮನಾಬಾದಿನ ಗಂಜಿನ ಹಮಾಲನಿಗೂ ಲಭ್ಯವಾಗಿದೆ. ಇದು ಸಂತೋಷದ ವಿಷಯವೇ ಸರಿ. ಆದರೆ ಆತನು ನೋಡುವುದೇನು, ಅದನ್ನು ಯಾವ ನುಡಿಯಲ್ಲಿ ಕೇಳುತ್ತಾನೆ, ಕೇಳಿದ ನುಡಿಯಲ್ಲಿ ಆತನ ಸ್ವಂತದ ನುಡಿಯೆಷ್ಟು ಎಂಬ ಪ್ರಶ್ನೆಗಳು ಉಳಿದೇ ಇವೆ. ಕಳೆದ ಕೆಲವು ತಿಂಗಳುಗಳಲ್ಲಿ ಮನೆಯ ಮಂದಿಯೊಡನೆ ಕುಳಿತು ನಾವು ನೋಡಿದ ಕೆಲವು ಚಿತ್ರಗಳನ್ನೂ, ದೂರದರ್ಶನದ ಧಾರಾವಾಹಿಗಳನ್ನೂ ಕುರಿತು ನಮಗೆ ತೋಚಿದ್ದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ನಾವು ಚಿತ್ರಶಾಸ್ತ್ರದ ಪಂಡಿತರಲ್ಲ. ಟಿಕೀಟು ಕೊಂಡ ಪ್ರೇಕ್ಷಕನಿಗೆ ಇರತಕ್ಕ ಅಧಿಕಾರವಷ್ಟೇ ನಮ್ಮದು.

ಮೊದಲು ಈ ಸೀಮೆಯ ಸ್ಥಿತಿಯನ್ನು ದೂರದ ವಾಚಕರಿಗೆ ತಿಳಿಸಬೇಕು. ಹುಮನಾಬಾದು ಪುಣೆ ಹೈದರಾಬಾದುಗಳ ನಡುವಣ ಹೆದ್ದಾರಿಯ ಮೇಲಿರುವ ಊರು. ಬಸವಕಲ್ಯಾಣವು ಅದೇ ಹೆದ್ದಾರಿಯಿಂದ ಸ್ವಲ್ಪ ಒಳಗಿದೆ. ಇಲ್ಲಿಂದ ಹೈದರಾಬಾದಾಗಲಿ ಸೊಲ್ಲಾಪುರವಾಗಲಿ ಒಂದೂವರೆ ನೂರು ಕಿಲೋಮೀಟರಿನ ಆಸುಪಾಸು. ಬೆಂಗಳೂರಾದರೋ ಆರುನೂರು ಕಿಲೋಮೀಟರಿಗೂ ಮಿಕ್ಕ ದೂರ. ಹುಮನಾಬಾದನ್ನು ಹಾಯ್ದುಹೋಗುವ ಬೀದರ ಕಲಬುರಗಿ ರೈಲುಮಾರ್ಗವು ತೆರೆದುದೇ 2017ರ ಅಕ್ಟೋಬರಿನಲ್ಲಿ. 1948ರ ಸೆಪ್ಟೆಂಬರದವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ 1ರಂದು ಕನ್ನಡ ನಾಡಿನೊಡನೆ ಕೂಡಿದ ಸೀಮೆಯಿದು. ಅಂಗಡಿಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ಪೂರ್ವದ ಗಡಿಯ ಬೀಗರೊಡನೆ ತೆಲುಗು, ಮನೆಯೊಳಗೆ ಕನ್ನಡ ಹೀಗೆ ಬದುಕುವುದು ನಮ್ಮವರಿಗೆ ಹೊಸದಲ್ಲ. ಹುಮನಾಬಾದಿನ ಬಗಲಿನ ಮಾಣಿಕನಗರದಲ್ಲಿ ಸಕಲಮತವನ್ನು ಬೋಧಿಸಿದ ಮಾಣಿಕಪ್ರಭುಗಳು (1817-1865) ಕನ್ನಡ, ಮರಾಠಿ, ಹಿಂದುಸ್ತಾನಿ, ಸಂಸ್ಕೃತಗಳಲ್ಲಿ ಪದಗಳನ್ನು ಹಾಡಿದವರು. ಅದಕ್ಕೂ ಮುಂಚೆ, ಮಾನಸೋಲ್ಲಾಸದ ಗೀತವಿನೋದದಲ್ಲಿಯೇ ಕನ್ನಡ ಮರಾಠಿಯಂಥ ದೇಶಭಾಷೆಗಳ ಹಾಡುಗಳಿಗೆ ಸ್ಥಾನ ದೊರೆತಿದೆ. ಆದಕಾರಣ ಪರಭಾಷೆಯ ಚಿತ್ರವನ್ನು ನೋಡಿದನೆಂದು ಈ ಸೀಮೆಯ ಕನ್ನಡಿಗನನ್ನು ಯಾರೂ ಗದರಿಸಬೇಕಾಗಿಲ್ಲ. ಆತನಿಗೆ ನಾಲ್ಕು ನುಡಿಗಳು ತಿಳಿಯುವುದು ಸಂಪತ್ತೇ ಹೊರತು ದೋಷವಲ್ಲ. ಆ ನಾಲ್ಕರಲ್ಲಿ ಅವನ ತಾಯಿನುಡಿಯೊಂದೇ ಬಡವಾಗಿ ಉಳಿದರೆ ಅದು ದೋಷ.

ದೂರದರ್ಶನದ ವಿಷಯದಲ್ಲಿ ಒಂದು ವಿಚಿತ್ರವನ್ನು ಹಲವರು ಮರೆತಿದ್ದಾರೆ. 1975ರ ಆಗಸ್ಟಿನಿಂದ ಒಂದು ವರ್ಷದವರೆಗೆ ಅಮೇರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸುವ ಪ್ರಯೋಗ ನಡೆಯಿತಷ್ಟೆ. ಕರ್ನಾಟಕದಲ್ಲಿ ಅದಕ್ಕೆ ಆರಿಸಲ್ಪಟ್ಟ ಹಳ್ಳಿಗಳು ನೆರೆಯ ಕಲಬುರಗಿಯ ಕಡೆಯವು. ಆ ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಕಲಬುರಗಿಯಲ್ಲಿ ದೂರದರ್ಶನದ ಪ್ರಸಾರಕೇಂದ್ರವಾಯಿತು. ಬೆಂಗಳೂರಿನ ಕೇಂದ್ರವು ಆರಂಭವಾದುದು 1981ರ ನವೆಂಬರಿನಲ್ಲಿ. ಎಂದರೆ, ರಾಜಧಾನಿಯ ಬಂಗಲೆಗಳಿಗಿಂತ ನಾಲ್ಕು ವರ್ಷ ಮುಂಚೆ ನಮ್ಮ ಪಕ್ಕದ ಜಿಲ್ಲೆಗೆ ಆ ಪೆಟ್ಟಿಗೆ ಬಂದಿತ್ತು. ಒಕ್ಕಲುತನ, ಆರೋಗ್ಯ, ಶಾಲೆ ಇವುಗಳ ಮಾತನ್ನು ಹಳ್ಳಿಯ ಚಾವಡಿಯಲ್ಲಿ ಕೂಡಿಸಿ ಹೇಳಬೇಕೆಂಬ ಉದ್ದೇಶ ಅದಕ್ಕಿತ್ತು. ಈ ಸೀಮೆಯ ಪ್ರೇಕ್ಷಕನನ್ನು ಮೊದಲ ಪಂಕ್ತಿಯಲ್ಲಿ ಕುಳ್ಳಿರಿಸಿದ ಆ ಕಾಲವೂ ಒಂದಿತ್ತೆಂಬುದನ್ನು ಇಂದಿನ ವಾಹಿನಿಗಳವರು ತಿಳಿದರೆ ಒಳ್ಳೆಯದು.

ಇಂದಿನ ವಾಹಿನಿಗಳ ಧಾರಾವಾಹಿಗಳನ್ನು ಕುರಿತು ಹೆಚ್ಚು ಬರೆಯುವ ಅವಶ್ಯಕತೆಯಿಲ್ಲ. ಅತ್ತೆಯು ಸೊಸೆಯ ಹಾಲಿಗೆ ವಿಷ ಬೆರೆಸುವುದು, ಸೊಸೆಯು ಅದನ್ನು ಕುಡಿಯುವಷ್ಟರಲ್ಲಿ ವಾರ ಮುಗಿಯುವುದು, ಮುಂದಿನ ವಾರ ಆ ಲೋಟವು ಬೆಕ್ಕಿನ ಕಾಲು ತಗುಲಿ ಉರುಳುವುದು ಈ ಕ್ರಮದಲ್ಲಿ ಅವು ಸಾಗುತ್ತವೆ. ಅವುಗಳಲ್ಲಿ ಎಲ್ಲರೂ ಮಲಗುವಾಗಲೂ ಜರತಾರಿ ಸೀರೆಯನ್ನೇ ಉಟ್ಟಿರುತ್ತಾರೆ. ಯಾರೊಬ್ಬರೂ ದುಡಿದು ತಿಂದುದನ್ನು ನಾವು ಕಂಡಿಲ್ಲ. ಕಾಯಕದ ನಾಡಿನಲ್ಲಿ ಇದು ಶೋಭಿಸುವ ಮಾತಲ್ಲ.

ಆದರೆ ಒಂದು ಧಾರಾವಾಹಿಯನ್ನು ಮಾತ್ರ ಬೇರೆಯಾಗಿ ಹೇಳಬೇಕು. 2020ರ ಜುಲೈಯಿಂದ ಝೀ ಕನ್ನಡ ವಾಹಿನಿಯಲ್ಲಿ ಬಂದ 'ಮಹಾನಾಯಕ'ವನ್ನು ನಾವು ಇತ್ತೀಚೆಗೆ ಮತ್ತೊಮ್ಮೆ ನೋಡಿದೆವು. ಡಾ. ಅಂಬೇಡಕರರ ಜೀವನವನ್ನು ಕುರಿತ ಈ ಕಥೆ ಮೂಲದಲ್ಲಿ ಹಿಂದಿಯದು. ಕನ್ನಡದ ಧ್ವನಿಯನ್ನು ಅದಕ್ಕೆ ಕೂಡಿಸಲಾಗಿತ್ತು. ಕಥೆಯ ಓಟ ಮಂದ. ಒಂದು ದಿನದ ಘಟನೆಯನ್ನು ಹತ್ತು ದಿನಕ್ಕೆ ಎಳೆಯುವ ಚಾಳಿ ಇದಕ್ಕೂ ಇದೆ. ಮಾತುಗಳು ಪಠ್ಯಪುಸ್ತಕದಿಂದ ಎತ್ತಿದಂತಿವೆ. ಇಷ್ಟಾದರೂ ಶಾಲೆಯಲ್ಲಿ ನೀರಿನ ಮಡಕೆಯನ್ನು ಮುಟ್ಟಗೊಡದಾಗ ಆ ಬಾಲಕನು ಏಕೆ ಎಂದು ಕೇಳುವ ಪ್ರಶ್ನೆಯಿದೆಯಲ್ಲ, ಅದಕ್ಕೆ ಉತ್ತರಕೊಡುವ ಭಾರ ಪರದೆಯ ಮೇಲಿನ ಮಾಸ್ತರರದಾಗಿರದೆ ನೋಡುವವರದಾಗಿತ್ತು. ಆ ವರ್ಷ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಜನರು ತಾವೇ ವಂತಿಗೆ ಕೂಡಿಸಿ ಈ ಧಾರಾವಾಹಿಯನ್ನು ಸ್ವಾಗತಿಸುವ ದೊಡ್ಡ ಫಲಕಗಳನ್ನು ನಿಲ್ಲಿಸಿದರು. ಒಂದು ಧಾರಾವಾಹಿಗಾಗಿ ಪ್ರೇಕ್ಷಕನು ತನ್ನ ಗಂಟಿನಿಂದ ಹಣ ತೆತ್ತು ಜಾಹೀರಾತು ಮಾಡಿದ್ದು ಅಪೂರ್ವವಾದ ಸಂಗತಿ.

ಇದರಿಂದ ಧ್ವನಿಬದಲಾವಣೆಯ, ಎಂದರೆ ಡಬ್ಬಿಂಗಿನ, ಹಳೆಯ ವಿವಾದದ ಮಾತು ಬರುತ್ತದೆ. 1960ರ ದಶಕದಲ್ಲಿ ಕನ್ನಡದ ಚಿತ್ರೋದ್ಯಮವು ಎಳೆಯ ಸಸಿಯಾಗಿದ್ದಾಗ ಅ. ನ. ಕೃಷ್ಣರಾಯರಂಥ ಹಿರಿಯರು ಡಬ್ಬಿಂಗನ್ನು ವಿರೋಧಿಸಿದರು. ಸಸಿಗೆ ಬೇಲಿ ಬೇಕಾಗಿತ್ತು. ಆ ಕಾಲಕ್ಕೆ ಅದು ಸರಿಯಾದುದೇ. ಆದರೆ ಗಿಡ ಮರವಾದ ಮೇಲೆಯೂ ಬೇಲಿಯನ್ನು ಬಿಗಿಯುತ್ತ ಹೋದರೆ ಕಾಂಡಕ್ಕೇ ಗಾಯವಾಗುತ್ತದೆ. ಕಾನೂನಿನ ಬಲವಿಲ್ಲದೆ, ಕೇವಲ ಕಟ್ಟುಪಾಡಿನ ಬಲದಿಂದ ದಶಕಗಟ್ಟಲೆ ನಡೆದ ಈ ನಿಷೇಧವನ್ನು ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಅಕ್ರಮವೆಂದು ತೀರ್ಮಾನಿಸಿ, ಚಲನಚಿತ್ರ ವಾಣಿಜ್ಯ ಮಂಡಳಿಯೇ ಮೊದಲಾದ ಸಂಸ್ಥೆಗಳಿಗೆ ದಂಡ ವಿಧಿಸಿತು. ಆ ನಿಷೇಧದ ಕಾಲದಲ್ಲಿ ಬೆಂಗಳೂರಿನಲ್ಲಿ ಏನಾಯಿತೋ ತಿಳಿದವರು ಹೇಳಲಿ. ಈ ಗಡಿಸೀಮೆಯಲ್ಲಿ ಆದುದಿಷ್ಟೆ. 1987ರಲ್ಲಿ ಬಂದ ರಾಮಾಯಣವನ್ನು ನಮ್ಮ ಅಜ್ಜಿಯರು ಹಿಂದಿಯಲ್ಲಿ ನೋಡಿದರು. ರಾಮನು ಕನ್ನಡದಲ್ಲಿ ಮಾತಾಡಿದರೆ ಕನ್ನಡಕ್ಕೆ ಕೇಡೆಂದೂ, ಹಿಂದಿಯಲ್ಲಿ ಮಾತಾಡಿದರೆ ಕೇಡಿಲ್ಲವೆಂದೂ ಹೇಳಿದ ತರ್ಕವು ನಮಗಂತೂ ಎಂದೂ ತಿಳಿದಿಲ್ಲ. 2022ರಲ್ಲಿ 'ಕೆ.ಜಿ.ಎಫ್.' ಎರಡನೆಯ ಭಾಗವೂ, 'ಕಾಂತಾರ'ವೂ ಹಿಂದಿ, ತೆಲುಗು, ತಮಿಳು, ಮಲಯಾಳಗಳ ವೇಷ ತೊಟ್ಟು ದೇಶವನ್ನೆಲ್ಲ ಸುತ್ತಿ ಬಂದ ಮೇಲೆ ಈ ವಾದಕ್ಕೆ ಉಳಿದ ಕಾಲೂ ಮುರಿಯಿತು. ನಮ್ಮ ಸರಕು ಹೊರಗೆ ಹೋಗಬೇಕು, ಹೊರಗಿನದು ನಮ್ಮ ಮಾತಿನಲ್ಲಿ ಒಳಗೆ ಬರಬಾರದೆಂಬುದು ನ್ಯಾಯವಲ್ಲ.

ಇನ್ನು ಕನ್ನಡದ ಚಿತ್ರಗಳು. 2025ರ ಜುಲೈಯಲ್ಲಿ ತೆರೆಕಂಡ 'ಸು ಫ್ರಮ್ ಸೋ' ಚಿತ್ರವನ್ನು ನೋಡಿ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಜೆ. ಪಿ. ತುಮಿನಾಡ್ ಎಂಬವರು ನಿರ್ದೇಶಿಸಿ, ತಾವೇ ಮುಖ್ಯಪಾತ್ರವನ್ನೂ ಧರಿಸಿದ್ದಾರೆ. ಕರಾವಳಿಯ ಹಳ್ಳಿಯೊಂದರ ಪೋಲಿ ಹುಡುಗನು ತನ್ನ ತಪ್ಪನ್ನು ಮುಚ್ಚಿಕೊಳ್ಳಲಿಕ್ಕೆ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಆ ದೆವ್ವದ ಹೆಸರು ಸೋಮೇಶ್ವರದ ಸುಲೋಚನೆ. ಊರೆಲ್ಲ ನಂಬುತ್ತದೆ. ನಗುನಗುತ್ತ ಸಾಗಿದ ಕಥೆಯು ಕೊನೆಯಲ್ಲಿ ಒಬ್ಬ ಹೆಣ್ಣುಮಗಳ ನಿಜವಾದ ಸಂಕಟದ ಬಾಗಿಲಿಗೆ ನಮ್ಮನ್ನು ತಂದು ನಿಲ್ಲಿಸುತ್ತದೆ. ಸುಳ್ಳು ದೆವ್ವಕ್ಕೆ ಹೆದರಿದ ಊರು ನಿಜವಾದ ದುಷ್ಟನನ್ನು ಇಷ್ಟುದಿನ ಸಹಿಸಿಕೊಂಡಿತ್ತೆಂಬ ಮಾತನ್ನು ಯಾರೂ ಉಪದೇಶದಂತೆ ಹೇಳುವುದಿಲ್ಲ, ನೋಡುವವನೇ ತಿಳಿದುಕೊಳ್ಳುತ್ತಾನೆ. ಕನ್ನಡದ ಮೊದಲ ವಾಕ್ಚಿತ್ರ 1934ರ ಮಾರ್ಚಿನಲ್ಲಿ ತೆರೆಕಂಡ 'ಸತಿ ಸುಲೋಚನಾ'. ಇಂದ್ರಜಿತುವಿನ ಸತಿಯಾದ ಆ ಸುಲೋಚನೆಯಿಂದ ಈ ದೆವ್ವದ ಸುಲೋಚನೆಯವರೆಗೆ 91 ವರ್ಷಗಳ ದಾರಿಯನ್ನು ನಮ್ಮ ಚಿತ್ರಕಲೆ ನಡೆದಿದೆ. ದೇವಲೋಕದಿಂದ ಹೊರಟು ಹಳ್ಳಿಯ ಹಿತ್ತಲಿಗೆ ಬಂದು ಮುಟ್ಟಿದುದನ್ನು ನಾವು ಪ್ರಗತಿಯೆಂದೇ ಎಣಿಸುತ್ತೇವೆ.

ರಿಷಬ್ ಶೆಟ್ಟಿಯವರ 'ಕಾಂತಾರ'ದ ಎರಡು ಭಾಗಗಳನ್ನೂ ನೋಡಿದೆವು. 2022ರಲ್ಲಿ ಬಂದ ಮೊದಲನೆಯದರಲ್ಲಿ ಭೂತಕೋಲವಿದೆ, ಕಾಡಿದೆ, ಅಜ್ಜನಿಂದ ಬಂದ ಭೂಮಿಯನ್ನು ಕಸಿದುಕೊಳ್ಳುವ ಧಣಿಯಿದ್ದಾನೆ. ಆ ಮಣ್ಣಿನ ವಾಸನೆ ಪರದೆಯಿಂದ ಮೂಗಿಗೆ ಬಡಿಯುತ್ತದೆ. ಮೊದಲರ್ಧದಲ್ಲಿ ನಾಯಕನು ಹೆಣ್ಣನ್ನು ಕೆಣಕುವ ರೀತಿ ನಮಗೆ ಹಿಡಿಸಲಿಲ್ಲ. ಕೊನೆಯ ಅರ್ಧಗಂಟೆಯಾದರೋ ಮರೆಯುವಂಥದಲ್ಲ. 2025ರ ಅಕ್ಟೋಬರಿನಲ್ಲಿ ಬಂದ ಇನ್ನೊಂದು ಭಾಗವು ಕದಂಬರ ಕಾಲದ ಕಥೆಯೆನ್ನುತ್ತದೆ. ಅದರಲ್ಲಿ ರಥಗಳು ಹೆಚ್ಚಿವೆ, ಸೈನ್ಯ ಹೆಚ್ಚಿದೆ, ಗದ್ದಲವಂತೂ ಕಿವಿ ಮುಚ್ಚಿಕೊಳ್ಳುವಷ್ಟು ಹೆಚ್ಚಿದೆ. ಮೊದಲಿನದರಲ್ಲಿದ್ದ ಮನುಷ್ಯರು ಮಾತ್ರ ಆ ಧೂಳಿನಲ್ಲಿ ಕಾಣಿಸಲಿಲ್ಲ. ಹಣವು ಕಥೆಯ ಹಿಂದೆ ಬರಬೇಕು, ಕಥೆಯು ಹಣದ ಹಿಂದೆ ಓಡಬಾರದು.

ಈ ಚಿತ್ರಗಳಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಕರಾವಳಿಯ ಕನ್ನಡವೆಂದರೆ ಚಿತ್ರದ ಅಡಿಗೆಭಟ್ಟನು ನಗಿಸಲು ಆಡುವ ಮಾತೆಂದು ಎಣಿಕೆಯಿತ್ತು. ಇಂದು ಅದೇ ಮಾತನ್ನು ನಾಯಕನು ಆಡುತ್ತಾನೆ, ನಾಡೆಲ್ಲ ಕೇಳುತ್ತದೆ. ಮಂಡ್ಯದ ಸೀಮೆಯ ಹಳ್ಳಿಗರನ್ನೇ ಪಾತ್ರಧಾರಿಗಳನ್ನಾಗಿ ನಿಲ್ಲಿಸಿ ರಾಮ ರೆಡ್ಡಿಯವರು ಮಾಡಿದ 'ತಿಥಿ'ಯು ಅವರ ಬಾಯಿಯ ಮಾತನ್ನೇ ನಂಬಿ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಹಾಗಾದರೆ ಬೀದರ ಜಿಲ್ಲೆಯ ಕನ್ನಡವೆಲ್ಲಿ? "ಏನ್ ಮಾಡ್ಲತ್ತೀರಿ", "ಜರಾ ಜಲ್ದಿ ಬರ್ರಿ", "ದವಾಖಾನಿಗಿ ಹೋಗ್ಯಾನ" ಎಂದು ನಮ್ಮ ಬಸ್ ನಿಲ್ದಾಣದಲ್ಲಿ ದಿನಬೆಳಗಾದರೆ ಕೇಳಿಬರುವ ಈ ಕನ್ನಡ, ಚಾಲುಕ್ಯರ ಕಾಲದ ಬೇರಿನ ಮೇಲೆ ಉರ್ದು ಮರಾಠಿಗಳ ಕೊಂಬೆ ಕಸಿಮಾಡಿದಂತಿರುವ ಈ ಕನ್ನಡ, ನಾವು ಇಷ್ಟುದಿನ ನೋಡಿದ ಚಿತ್ರಗಳೊಳಗೆ ಕಥಾನಾಯಕನ ಬಾಯಲ್ಲಿ ಕೇಳಿಬರಲಿಲ್ಲ. ಉತ್ತರದ ಮಾತೆಂದು ಪರದೆಯ ಮೇಲೆ ಕೇಳಿಸುವುದು ಧಾರವಾಡದ ಮಾತಿನ ಅಣಕ. ಅದನ್ನಾಡುವವನು ಬಹುತೇಕ ಹಾಸ್ಯಗಾರ, ಇಲ್ಲವೆ ಮೀಸೆ ತಿರುವುವ ಗೌಡ.

ಇದು ಪ್ರೇಕ್ಷಕರ ಸಂಖ್ಯೆಯ ಪ್ರಶ್ನೆ, ಸಣ್ಣ ಸೀಮೆಯ ಮಾತಿಗೆ ಮಾರುಕಟ್ಟೆಯಿಲ್ಲವೆಂದು ಹೇಳುವವರು ಪೂರ್ವಕ್ಕೂ ಪಶ್ಚಿಮಕ್ಕೂ ಒಮ್ಮೆ ಕಣ್ಣು ಹಾಯಿಸಲಿ. ಪೂರ್ವದಲ್ಲಿ ನಮ್ಮೊಡನೆ ಒಂದೇ ನಿಜಾಮಶಾಹಿಯಲ್ಲಿದ್ದ ತೆಲಂಗಾಣವಿದೆ. ಅಲ್ಲಿಯ ತೆಲುಗನ್ನು ಕೂಡ ತೆಲುಗು ಚಿತ್ರಗಳಲ್ಲಿ ಬಹುಕಾಲದವರೆಗೆ ಖಳರಿಗೂ ವಿದೂಷಕರಿಗೂ ಬಿಟ್ಟುಕೊಟ್ಟಿದ್ದರು. 2014ರಲ್ಲಿ ಆ ರಾಜ್ಯವು ಬೇರೆಯಾದ ಮೇಲೆ ಗಾಳಿ ತಿರುಗಿತು. 2017ರಲ್ಲಿ ಶೇಖರ ಕಮ್ಮುಲರ 'ಫಿದಾ'ದ ನಾಯಿಕೆಯು ಬಾನ್ಸವಾಡೆಯ ಮಾತನ್ನು ತಲೆಯೆತ್ತಿ ಆಡಿದಳು. 2023ರಲ್ಲಿ ವೇಣು ಯೆಲ್ದಂಡಿಯವರ 'ಬಲಗಂ' ಬಂದಿತು. ಮುದುಕನೊಬ್ಬನು ಸಾಯುತ್ತಾನೆ, ಇಟ್ಟ ಪಿಂಡವನ್ನು ಕಾಗೆ ಮುಟ್ಟುವುದಿಲ್ಲ, ಮುನಿದು ಬೇರೆಯಾಗಿದ್ದ ಮಕ್ಕಳೂ ಮಗಳೂ ಕಾಗೆಯ ಮುಂದೆ ನಿಂತು ಅಪ್ಪನ ಮನಸ್ಸಿನಲ್ಲಿ ಏನಿತ್ತೆಂದು ಹುಡುಕುತ್ತಾರೆ. ಕಥೆ ಇಷ್ಟೇ. ಕೊನೆಯಲ್ಲಿ ಬುಡುಗ ಜಂಗಮರ ದಂಪತಿಗಳು ಹಾಡುವ ಹಾಡನ್ನು ಕೇಳಿ ಗಟ್ಟಿಗರೂ ಅತ್ತರು. ತೆಲಂಗಾಣದ ಹಳ್ಳಿಹಳ್ಳಿಗಳಲ್ಲಿ ಬಯಲಿನಲ್ಲಿ ಪರದೆ ಕಟ್ಟಿ, ಊರೆಲ್ಲ ಕೂಡಿ ಅದನ್ನು ನೋಡಿತೆಂದು ಆಗಿನ ಪತ್ರಿಕೆಗಳಲ್ಲಿ ವರದಿಗಳು ಬಂದವು. ಆ ಮನೆ, ಆ ಹಿತ್ತಲು, ದಾಯಾದಿಗಳ ಆ ಮುನಿಸು ಇವುಗಳಲ್ಲಿ ನಮ್ಮ ಸೀಮೆಯಲ್ಲಿ ಇಲ್ಲದ್ದು ಯಾವುದಿದೆ?

ಪಶ್ಚಿಮದಲ್ಲಿ ಸೊಲ್ಲಾಪುರ ಜಿಲ್ಲೆಯ ಕರಮಾಳೆಯವರಾದ ನಾಗರಾಜ ಮಂಜುಳೆಯವರು 2016ರಲ್ಲಿ 'ಸೈರಾಟ್' ಚಿತ್ರವನ್ನು ಮಾಡಿದರು. ಪುಣೆ ಮುಂಬಯಿಗಳ ಶಿಷ್ಟ ಮರಾಠಿಯನ್ನು ಬಿಟ್ಟು ತಮ್ಮ ತಾಲೂಕಿನ ಒರಟು ಮರಾಠಿಯಲ್ಲಿಯೇ ಅದನ್ನು ನಡೆಸಿದರು. ಮರಾಠಿಯಲ್ಲಿ ಅದುವರೆಗೆ ಯಾವ ಚಿತ್ರವೂ ಗಳಿಸದಷ್ಟು ಹಣವನ್ನು ಅದು ಗಳಿಸಿತು. ಬುಲೆಟ್ ಗಾಡಿಯ ಮೇಲೆ ಕಾಲೇಜಿಗೆ ಬರುವ ಪಾಟೀಲನ ಮಗಳು, ಬಡವರ ಕೇರಿಯ ಮೀನುಗಾರನ ಮಗ. ಇವರ ಪ್ರೀತಿ ಹಾಡು ಕುಣಿತಗಳಲ್ಲಿ ಹುಟ್ಟಿ ರಕ್ತದಲ್ಲಿ ಮುಗಿಯುತ್ತದೆ. ಕೊನೆಯ ದೃಶ್ಯದಲ್ಲಿ ಒಂದು ಮಾತಿಲ್ಲ, ವಾದ್ಯವಿಲ್ಲ. ಎಳೆಯ ಮಗುವಿನ ಹೆಜ್ಜೆಗಳು ಮಾತ್ರ ಇವೆ. ಅದನ್ನು ನೋಡಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ. ಇದೇ ಕಥೆಯನ್ನು 2017ರಲ್ಲಿ 'ಮನಸು ಮಲ್ಲಿಗೆ'ಯೆಂಬ ಹೆಸರಿನಿಂದ ಕನ್ನಡಕ್ಕೆ ತಂದರು. ನಾಯಿಕೆಯೂ ಅದೇ ರಿಂಕು ರಾಜಗುರು. ಗಿಡವನ್ನು ಕಿತ್ತು ತಂದರು, ಬೇರಿಗಂಟಿದ ಮಣ್ಣನ್ನು ಅಲ್ಲಿಯೇ ಕೊಡವಿ ಬಂದರು. ಅದು ಚಿಗುರಲಿಲ್ಲ.

ಈ ಎರಡು ಚಿತ್ರಗಳನ್ನು ನೋಡಿದ ಬಸವಕಲ್ಯಾಣದ ಕನ್ನಡಿಗನಿಗೆ ಒಂದು ಮಾತು ಹೊಳೆಯದೆ ಇರದು. ಜಾತಿಯನ್ನು ಮೀರಿದ ಮದುವೆಯೂ ಅದಕ್ಕೆ ತೆತ್ತ ರಕ್ತದ ಬೆಲೆಯೂ ಕರಮಾಳೆಯ ಕಥೆಗಿಂತ ಮೊದಲು ಕಲ್ಯಾಣದ ಕಥೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಲಗ್ನಕ್ಕಾಗಿ ಆ ಇಬ್ಬರು ಹಿರಿಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಶರಣ ಪರಂಪರೆ ಹೇಳುತ್ತದೆ. 12ನೆಯ ಶತಮಾನದಲ್ಲಿ ಈ ಬೀದಿಗಳಲ್ಲಿ ನಡೆದ ಆ ಸಂಗತಿಯು ಜಗತ್ತಿನ ಯಾವ ದುರಂತಕ್ಕೂ ಕಡಿಮೆಯಾದುದಲ್ಲ. ಅದನ್ನು ನಾಟಕದಲ್ಲಿ ಗಿರೀಶ ಕಾರ್ನಾಡರು 'ತಲೆದಂಡ' (1990) ಎಂದು ಬರೆದರು. ಪರದೆಯ ಮೇಲೆ ಏನಾಯಿತು?

ಬಸವಣ್ಣನವರನ್ನು ಕುರಿತ ಚಿತ್ರಗಳು ಇಲ್ಲವೆಂದಲ್ಲ. 1959ರ 'ಜಗಜ್ಯೋತಿ ಬಸವೇಶ್ವರ'ದಲ್ಲಿ ಹೊನ್ನಪ್ಪ ಭಾಗವತರು ಬಸವೇಶ್ವರರಾದರು, ರಾಜಕುಮಾರರು ಬಿಜ್ಜಳರಾದರು. ಟಿ. ವಿ. ಸಿಂಗ್ ಠಾಕೂರರ ನಿರ್ದೇಶನ. ಹಳೆಯ ನಾಟಕ ಕಂಪನಿಯ ಗತ್ತು ಅದರಲ್ಲಿದೆ. ಭಾಗವತರ ಕಂಠ ಇಂದಿಗೂ ಮಧುರ. ಆದರೆ ಬಿಜ್ಜಳನ ಗರ್ಜನೆಯೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. 1983ರಲ್ಲಿ ಕೆ. ಎಸ್. ಎಲ್. ಸ್ವಾಮಿಯವರು ಅಶೋಕರನ್ನು ನಾಯಕರನ್ನಾಗಿ ಮಾಡಿ 'ಕ್ರಾಂತಿಯೋಗಿ ಬಸವಣ್ಣ'ವನ್ನು ತೆಗೆದರು. ಹೆಸರಿನಲ್ಲಿ ಕ್ರಾಂತಿಯಿದ್ದಷ್ಟು ಕಥೆಯ ನಡೆಯಲ್ಲಿ ಇಲ್ಲವೆಂದು ನಮ್ಮ ಅಭಿಪ್ರಾಯ. 2017ರಲ್ಲಿ ನಾಗಾಭರಣರ 'ಅಲ್ಲಮ' ಬಂದಿತು. ಧನಂಜಯರ ನಟನೆಯಲ್ಲಿ ಶ್ರದ್ಧೆಯಿದೆ. ಬಾಪು ಪದ್ಮನಾಭರ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂದುದು ತಕ್ಕುದೇ. ಈ ಮೂರರಲ್ಲಿ ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರವಾದುದು ಅದೇ.

ಆದರೂ ಮೂರನ್ನೂ ಸೇರಿಸಿ ಹೇಳತಕ್ಕ ಮಾತೊಂದಿದೆ. ಶರಣರನ್ನು ತೋರಿಸುವಾಗ ನಮ್ಮ ಚಿತ್ರಕಾರರ ಕಣ್ಣು ಅರಮನೆಯ ಕಡೆಗೂ ಪೂಜೆಯ ಕಡೆಗೂ ಓಡುತ್ತದೆ. ಅಂಗಳದಲ್ಲಿ ಕುಳಿತು ದುಡಿಯುವವನ ಕಡೆಗೆ ಓಡುವುದಿಲ್ಲ. ಅನುಭವ ಮಂಟಪವೆಂದರೆ ಹಗ್ಗ ಹೊಸೆಯುವವನೂ, ದೋಣಿ ನಡೆಯಿಸುವವನೂ, ಬಟ್ಟೆ ಮಡಿಮಾಡುವವನೂ ಮಂತ್ರಿಯೊಡನೆ ಸರಿಸಮನಾಗಿ ಕುಳಿತು ವಾದಿಸಿದ ಸಭೆ. ಚಿತ್ರದಲ್ಲಿ ಕಾಣಬೇಕಾದುದು ಆ ವಾದ; ಜಗಳವೆನ್ನಿಸುವಷ್ಟು ತೀಕ್ಷ್ಣವಾದ ಆ ಪ್ರಶ್ನೋತ್ತರ. ಬಸವಕಲ್ಯಾಣದಲ್ಲಿ ನುಲಿಯ ಚಂದಯ್ಯನ ಗವಿಯೂ, ಅಕ್ಕನಾಗಮ್ಮನ ಗವಿಯೂ, ತ್ರಿಪುರಾಂತಕ ಕೆರೆಯೂ ಇಂದಿಗೂ ಇವೆ. ಈ ಕಲ್ಲು ಈ ನೀರು ಇಷ್ಟು ಹತ್ತಿರವಿರುವಾಗ ರಟ್ಟಿನ ಕಲ್ಯಾಣವನ್ನು ಕಟ್ಟುವ ಪ್ರಮೇಯವೇನು?

ಕೊನೆಗೆ ಒಂದು ಸಣ್ಣ ಚಿತ್ರದ ಮಾತು. ರಾಯಚೂರಿನ ಸೀಮೆಯಿಂದ ಬಂದ ತರುಣ ಉತ್ಸವ ಗೋನವಾರರ 'ಫೋಟೋ' 2024ರ ಮಾರ್ಚಿನಲ್ಲಿ ತೆರೆಕಂಡಿತು. ಬೆಂಗಳೂರಿನಲ್ಲಿ ಕೂಲಿಮಾಡುವ ತಂದೆ. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆಯಿಂದ ಹಳ್ಳಿಯಿಂದ ಬಂದ ಮಗ. ಅಷ್ಟರಲ್ಲಿ 2020ರ ಲಾಕ್‌ಡೌನ್. ಇಬ್ಬರೂ ನಡೆದು ಊರಿಗೆ ಹೊರಡುತ್ತಾರೆ. ನಮ್ಮ ಸೀಮೆಯಿಂದ ಗುಳೆ ಹೋದವರ ಮನೆಗಳಲ್ಲಿ ಇದು ಕಥೆಯಲ್ಲ, ನೆನಪು. ಆ ಹುಡುಗನಿಗೆ ವಿಧಾನಸೌಧವು ದೂರದಿಂದ ಕಾಣುವ ಒಂದು ಚಿತ್ರ ಮಾತ್ರವಾಗಿ ಉಳಿಯುತ್ತದೆ. ರಾಜಧಾನಿಗೂ ಈ ಭಾಗಕ್ಕೂ ಇರುವ ಸಂಬಂಧವನ್ನು ಇಷ್ಟು ಕಡಿಮೆ ಮಾತಿನಲ್ಲಿ, ಇಷ್ಟು ಮೆಲ್ಲನೆ ಯಾರೂ ಹೇಳಿರಲಿಲ್ಲ. ಚಿತ್ರ ನಿಧಾನವಾಗಿದೆಯೆಂದು ಕೆಲವರು ಆಕ್ಷೇಪಿಸಿದರು. ನಡೆದು ಹೋಗುವವನ ಕಥೆ ಓಡುವುದು ಹೇಗೆ? ಈ ದಾರಿಯಲ್ಲಿ ಇದು ಮೊದಲ ಹೆಜ್ಜೆಯೆಂದು ನಾವು ಸ್ವಾಗತಿಸುತ್ತೇವೆ. ಬೀದರದ ಹೆಜ್ಜೆಯೂ ಇದರ ಹಿಂದೆ ಬೀಳಬೇಕು.

ಹಾಗಾದರೆ ಮಾಡತಕ್ಕದ್ದೇನು? 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರವು ಚಿತ್ರಮಂದಿರಗಳ ಟಿಕೀಟಿಗೆ 200 ರೂಪಾಯಿಯ ಮೇಲ್ಮಿತಿಯನ್ನು ಗೊತ್ತುಪಡಿಸಿತು. ಅದೇ ತಿಂಗಳಲ್ಲಿ ಉಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಅದು ಮಹಾನಗರದ ಮಲ್ಟಿಪ್ಲೆಕ್ಸುಗಳ ಜಗಳ. ನಮ್ಮಂಥ ತಾಲೂಕಿನ ಊರುಗಳ ಕಷ್ಟ ಟಿಕೀಟಿನ ಬೆಲೆಯದಲ್ಲ. ಒಳ್ಳೆಯ ಕನ್ನಡ ಚಿತ್ರವು ಇಲ್ಲಿಯವರೆಗೆ ಬಂದು ಮುಟ್ಟದಿರುವುದೇ ಕಷ್ಟ. ಸಂವಿಧಾನದ 371 (ಜೆ) ವಿಧಿಯ ಆಶಯದಂತೆ ಸ್ಥಾಪಿತವಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಹಣವನ್ನು ವೆಚ್ಚಮಾಡುತ್ತಿದೆ, ಅದು ಮಾಡತಕ್ಕದ್ದೇ. ಅದರ ಅತ್ಯಲ್ಪ ಭಾಗವೊಂದನ್ನು ಈ ಭಾಗದ ತರುಣರು ಈ ಭಾಗದ ಮಾತಿನಲ್ಲಿ ಮಾಡುವ ಚಿತ್ರಗಳಿಗೆ ಪ್ರತ್ಯೇಕವಾಗಿ ತೆಗೆದಿರಿಸಿದರೆ ಯಾವ ರಸ್ತೆಯೂ ಕಿರಿದಾಗದು. ಬಸವಕಲ್ಯಾಣದಲ್ಲಿ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ನೂತನ ಅನುಭವ ಮಂಟಪದ ಆವರಣದಲ್ಲಿ ಒಂದು ಚಿಕ್ಕ ಚಿತ್ರಶಾಲೆಗೂ ಸ್ಥಳ ದೊರೆಯಲಿ. ಅಲ್ಲಿ ಚಿತ್ರವನ್ನು ತೋರಿಸಿದರಷ್ಟೇ ಸಾಲದು. ತೋರಿಸಿದ ಮೇಲೆ ದೀಪ ಹಚ್ಚಿ, ಕುಳಿತವರೆಲ್ಲ ಅದನ್ನು ಕುರಿತು ವಾದಿಸಬೇಕು. ಆ ಸ್ಥಳದ ಹೆಸರಿಗೆ ಅದೇ ಒಪ್ಪುವ ಪೂಜೆ.

ಡಬ್ಬಿಂಗಿನ ಸಂಸ್ಥೆಗಳಿಗೂ ಒಂದು ಮಾತು. ಮರಾಠಿಯ ಹಳ್ಳಿಗನಿಗೂ ತೆಲಂಗಾಣದ ಒಕ್ಕಲಿಗನಿಗೂ ಬೆಂಗಳೂರಿನ ವಾರ್ತಾವಾಚಕನ ಕನ್ನಡವನ್ನು ಏಕೆ ತೊಡಿಸುವಿರಿ? ಈ ಸೀಮೆಯಲ್ಲಿ ಎರಡೂ ಬದಿಯ ಭಾಷೆಯನ್ನು ಹಾಲಿನೊಡನೆ ಕುಡಿದ ಪದವೀಧರರು ಉದ್ಯೋಗವಿಲ್ಲದೆ ಕುಳಿತಿದ್ದಾರೆ. 'ಬಲಗಂ' ಚಿತ್ರವನ್ನು ಅವರ ಕೈಗೆ ಕೊಟ್ಟು ನೋಡಿರಿ; ಕಾಗೆಯೂ ಕನ್ನಡದಲ್ಲಿ ಕರೆದೀತು.

ಊರಿನ ಸಾಹುಕಾರರಿಗೂ ಹೇಳುವುದಿದೆ. 'ಸತಿ ಸುಲೋಚನಾ'ಗೆ ಹಣ ಹಾಕಿದವನು ಚಮನಲಾಲ ಡೂಂಗಾಜಿಯೆಂಬ ಮಾರವಾಡಿ ವರ್ತಕ. ಅದನ್ನು ಚಿತ್ರಿಸಿದ್ದು ಮರಾಠಿ ಸೀಮೆಯ ಕೊಲ್ಲಾಪುರದಲ್ಲಿ. ಕನ್ನಡದ ವಾಕ್ಚಿತ್ರವು ಹುಟ್ಟಿದ್ದೇ ಹೀಗೆ ಪರಭಾಷೆಯ ಅಂಗಳದಲ್ಲಿ, ಪರಸೀಮೆಯ ಹಣದಿಂದ, ಕನ್ನಡಿಗರ ಕಂಠದಿಂದ. ಹುಮನಾಬಾದಿನ ಗಂಜಿನಲ್ಲಿ ತೊಗರಿಯ ಧಾರಣೆ ಏರಿದ ವರ್ಷ ಒಬ್ಬಿಬ್ಬರು ವರ್ತಕರಾದರೂ ಈ ಧೈರ್ಯವನ್ನು ತೋರಿಸಬಾರದೇಕೆ? ಜಾತ್ರೆಗೆ ಕುಸ್ತಿಯನ್ನಿಡಿಸುವವರು, ನಾಟಕ ಕಂಪನಿಯನ್ನು ಕರೆಸುವವರು ನಮ್ಮಲ್ಲಿ ಎಂದೂ ಕಡಿಮೆಯಾಗಿಲ್ಲ.

ವಾಚಕರಿಗೆ ನಮ್ಮ ವಿನಂತಿ ಇನ್ನೂ ಸಣ್ಣದು. ತೆಲುಗು ಚಿತ್ರವನ್ನು ನೋಡಿರಿ, ಮರಾಠಿ ಚಿತ್ರವನ್ನು ನೋಡಿರಿ, ಒಳ್ಳೆಯದಾಗಿದ್ದರೆ ಹೊಗಳಿರಿ. ನಮ್ಮ ಸೀಮೆಯ ಹುಡುಗನೊಬ್ಬನು ನಮ್ಮ ಮಾತಿನಲ್ಲಿ ಚಿತ್ರ ಮಾಡಿ ತಂದ ದಿನ ಮಾತ್ರ ಮೊಬೈಲಿನ ಕದ್ದ ಪ್ರತಿಗಾಗಿ ಕಾಯದೆ, ಮನೆಮಂದಿಯನ್ನು ಕರೆದುಕೊಂಡು ಹೋಗಿ ಟಿಕೀಟು ಕೊಂಡು ನೋಡಿರಿ. ಚೆನ್ನಾಗಿಲ್ಲದಿದ್ದರೆ ಹಾಗೆಂದು ಅವನ ಮುಖದ ಮೇಲೆಯೇ ಹೇಳಿರಿ. ಸೀಮೆಯವನೆಂದು ಸುಳ್ಳು ಹೊಗಳಿಕೆ ಬೇಡ. ಆದರೆ ಅವನ ನಾಯಕನು "ಜರಾ ಜಲ್ದಿ ಬರ್ರಿ" ಎಂದಾಗ ಮುಂದಿನ ಸಾಲಿನಲ್ಲಿ ಯಾರಾದರೂ ಕಿಸಕ್ಕನೆ ನಕ್ಕರೆ, ಆ ನಗುವಿನಲ್ಲಿ ನೀವು ಪಾಲುಗೊಳ್ಳಬೇಡಿರಿ. ತನ್ನ ಮಾತನ್ನು ತಾನೇ ನಗುವ ಪ್ರೇಕ್ಷಕನಿಗೆ ಯಾವ ಕಲೆಗಾರನೂ ಕಥೆ ಹೇಳಲಾರನು.